ನಂಬರ್ ಸೀರೀಸ್: ವ್ಯತ್ಯಾಸ ಕಳೆಯುತ್ತಾ ಕೂತರೆ ಟೈಮ್ ಮುಗಿದೇ ಹೋಗುತ್ತದೆ, ಬೇರೆ ದಾರಿ ಇದೆಯಾ?

ಹಿರೇಕೆರೂರು_ಬಿಕಾಂ

ಎಲ್ಲರಿಗೂ ನಮಸ್ಕಾರ. ಬಿಕಾಂ ಮುಗಿಸಿ ಗ್ರಾಮೀಣ ಬ್ಯಾಂಕಿನ ಆಫೀಸ್ ಅಸಿಸ್ಟೆಂಟ್ ಪರೀಕ್ಷೆಗೆ ಓದುತ್ತಿದ್ದೇನೆ. ಕನ್ನಡ ಮಾಧ್ಯಮದವಳು. ಕೋಚಿಂಗ್ ಇಲ್ಲ, ಮನೆಯಲ್ಲೇ ಓದು.

ಸೀಟಿಂಗ್ ಅರೇಂಜ್‌ಮೆಂಟ್ ಪರವಾಗಿಲ್ಲ. ಬಡ್ಡಿ, ಶೇಕಡಾ, ಲಾಭ-ನಷ್ಟ ಹೇಗೋ ಕೈಗೆ ಹತ್ತುತ್ತವೆ. ನಂಬರ್ ಸೀರೀಸ್ ಬಂತು ಅಂದರೆ ಮಾತ್ರ ಕೈ ನಿಂತುಬಿಡುತ್ತದೆ. ನನಗೆ ಗೊತ್ತಿರುವುದು ಒಂದೇ ದಾರಿ. ಪಕ್ಕಪಕ್ಕದ ಸಂಖ್ಯೆಗಳನ್ನು ಕಳೆಯುವುದು, ಬಂದದ್ದನ್ನು ಮತ್ತೆ ಕಳೆಯುವುದು. ಎರಡು ಸಲ ಕಳೆದರೂ ಏನೂ ಕಾಣದಿದ್ದರೆ ರಫ್ ಶೀಟ್ ತುಂಬಾ ಅಂಕಿ, ತಲೆ ತುಂಬಾ ಗೊಂದಲ.

ಕಳೆದ ಮಾಕ್ ಟೆಸ್ಟಿನಲ್ಲಿ ಕೈಕೊಟ್ಟವು ಇವು:

5, 6, 14, 45, 184, ?

7, 8, 16, 43, 107, ?

48, 24, 24, 36, 72, ?

3, 10, 29, 66, 127, ?

ಉತ್ತರ ನೋಡಿದ ಮೇಲೆ ಎಲ್ಲವೂ ಸುಲಭ ಅನಿಸುತ್ತವೆ. ನೋಡುವ ಮುಂಚೆ ಯಾವುದನ್ನು ಗುಣಿಸಬೇಕು, ಯಾವುದನ್ನು ಕಳೆಯಬೇಕು ಅಂತ ಗೊತ್ತಾಗುವುದು ಹೇಗೆ? ಟೆಲಿಗ್ರಾಮ್ ಗ್ರೂಪಿನಲ್ಲಿ "50 ಟೈಪ್ ನಂಬರ್ ಸೀರೀಸ್" ಅಂತ ಒಂದು ಪಿಡಿಎಫ್ ಸಿಕ್ಕಿದೆ. ಅದನ್ನು ಬಾಯಿಪಾಠ ಮಾಡಲಾ?

ಖಾಕಿ_ಕನಸು_ಸಿಂಧನೂರು

ನಾನು ಎಸ್‌ಎಸ್‌ಸಿ ಜಿಡಿಗೆ, ಅಂದರೆ ಕೇಂದ್ರ ಪಡೆಗಳ ಕಾನ್‌ಸ್ಟೆಬಲ್ ಪರೀಕ್ಷೆಗೆ ಓದುತ್ತಿದ್ದೇನೆ. ಈಗ ಅದು ಕನ್ನಡದಲ್ಲೂ ಬರೆಯಬಹುದಲ್ಲ, ಸ್ವಲ್ಪ ಧೈರ್ಯ ಬಂದಿದೆ. ನಮ್ಮ ಕಡೆ ಸೀರೀಸ್ ರೀಸನಿಂಗ್ ಭಾಗದಲ್ಲಿ ಬರುತ್ತದೆ, ನಿಮ್ಮ ಬ್ಯಾಂಕಿನವರದಕ್ಕಿಂತ ಸುಲಭ ಇರುತ್ತದೆ. 30ರವರೆಗೆ ವರ್ಗ, 15ರವರೆಗೆ ಘನ ಬಾಯಿಗೆ ಬರಬೇಕು ಅಂತ ನಮ್ಮ ಸರ್ ಹೇಳುತ್ತಾರೆ. ನಿಮ್ಮ ನಾಲ್ಕನೆಯದು ನನಗೆ ತಟ್ಟನೆ ಕಂಡಿತು: 1+2, 8+2, 27+2, 64+2, 125+2. ಮುಂದಿನದು 216+2, ಅಂದರೆ 218. ಉಳಿದ ಮೂರು ನನಗೂ ಬರಲಿಲ್ಲ. 😀

ಕ್ಯಾಶ್_ಕೌಂಟರ್_ಅಕ್ಕ

ತಂಗಿ, ಮೊದಲು ಆ ಪಿಡಿಎಫ್ ಡಿಲೀಟ್ ಮಾಡು.

ನಾನು ಈಗ ಗದಗ ಕಡೆ ಒಂದು ಬ್ರಾಂಚಿನಲ್ಲಿ ಕ್ಯಾಶ್ ಕೌಂಟರಿನಲ್ಲಿ ಇದ್ದೇನೆ. ಧಾರವಾಡದಲ್ಲಿ ರೂಮ್ ಮಾಡಿಕೊಂಡು ಓದುತ್ತಿದ್ದಾಗ ಖರ್ಚಿಗೆ ಆಗಲಿ ಅಂತ ಸಂಜೆ ಹೊತ್ತು ಹುಡುಗರಿಗೆ ಇದನ್ನೇ ಹೇಳಿಕೊಡುತ್ತಿದ್ದೆ. ಟೈಪ್ ಬಾಯಿಪಾಠ ಮಾಡಿದವರ ಪಾಡು ನೋಡಿದ್ದೇನೆ. ಸರಣಿ ಕಂಡ ಕೂಡಲೇ ಐವತ್ತೂ ಟೈಪು ತಲೆಯೊಳಗೆ ಸಾಲುಗಟ್ಟಿ ನಿಲ್ಲುತ್ತವೆ. ಒಂದೊಂದನ್ನೇ ಹಚ್ಚಿ ನೋಡುತ್ತಾ ಕೂರುತ್ತಾರೆ. ನಿಮ್ಮ ಪ್ರಿಲಿಮ್ಸ್‌ನಲ್ಲಿ 80 ಪ್ರಶ್ನೆಗೆ 45 ನಿಮಿಷ. ಒಂದಕ್ಕೆ 34 ಸೆಕೆಂಡೂ ಪೂರ್ತಿ ಬರುವುದಿಲ್ಲ. ಹಚ್ಚಿ ನೋಡುವುದಕ್ಕೆ ಎಲ್ಲಿದೆ ಟೈಮ್?

ನಾನು ಹೇಳುವುದು ಒಂದೇ. ಸರಣಿಯನ್ನು ಬಾಲದಿಂದ ನೋಡು. ಕಳೆಯುವುದಕ್ಕೆ ಮುಂಚೆ, ಕೊನೆಯ ಸಂಖ್ಯೆ ಅದರ ಹಿಂದಿನದರ ಎಷ್ಟು ಪಟ್ಟು ಇದೆ ಅಂತ ಅಂದಾಜು ಮಾಡು. ಆಮೇಲೆ ಒಂದು ಹೆಜ್ಜೆ ಹಿಂದೆ ಹೋಗಿ ಅದನ್ನೇ ಕೇಳು. ಮೂರು ಜೋಡಿ ನೋಡಿದರೆ ಸಾಕು. ದಶಾಂಶ ಬೇಡ, "ನಾಲ್ಕು ಪಟ್ಟು ಮತ್ತು ಸ್ವಲ್ಪ" ಅಂದುಕೊಂಡರೂ ನಡೆಯುತ್ತದೆ.

ನಿನ್ನ ಮೊದಲ ಎರಡು ಸರಣಿ ತೆಗೆದುಕೋ. ಒಳ್ಳೆಯ ಜೋಡಿ ಹಾಕಿದ್ದೀಯಾ. ಎರಡರ ತಲೆಯೂ ಒಂದೇ ಥರ ಇದೆ: 5, 6, 14 ಮತ್ತು 7, 8, 16. ಕಳೆದು ನೋಡಿದರೆ ಎರಡರಲ್ಲೂ ಮೊದಲು 1, ಆಮೇಲೆ 8. ಕಳೆಯುವ ಚಟ ಇರುವವರಿಗೆ 1, 8 ಕಂಡರೆ "ಆಹಾ, ಘನ!" ಅನಿಸುತ್ತದೆ, ಅಲ್ವಾ? ಎರಡನೆಯ ಸರಣಿಯಲ್ಲಿ ಅದು ನಿಜ. ಮೊದಲನೆಯದರಲ್ಲಿ ಮುಂದಿನ ವ್ಯತ್ಯಾಸ 31, ಆಮೇಲೆ 139. ಅಲ್ಲಿಗೆ ಒಂದು ನಿಮಿಷ ಹೋಯಿತು.

ಈಗ ಬಾಲ ನೋಡು.

5, 6, 14, 45, 184. 184 ಅನ್ನುವುದು 45ರ ನಾಲ್ಕು ಪಟ್ಟು, ಮೇಲೆ ಚೂರು. 45 ಅನ್ನುವುದು 14ರ ಮೂರು ಪಟ್ಟು, ಮೇಲೆ ಚೂರು. 14 ಅನ್ನುವುದು 6ರ ಎರಡು ಪಟ್ಟು, ಮೇಲೆ ಚೂರು. ನಾಲ್ಕು, ಮೂರು, ಎರಡು. ಮುಗಿಯಿತು. ಆ "ಚೂರು" ಎಷ್ಟು ಅಂತ ಈಗ ಲೆಕ್ಕ ಹಾಕು: 180+4, 42+3, 12+2. ಹಾಗಾದರೆ ಮುಂದಿನದು 184×5+5, ಅಂದರೆ 925.

7, 8, 16, 43, 107. 107 ಅನ್ನುವುದು 43ರ ಎರಡೂವರೆ ಪಟ್ಟು. 43 ಅನ್ನುವುದು 16ರ ಎರಡೂಮುಕ್ಕಾಲು ಪಟ್ಟಿನ ಹತ್ತಿರ. ಬಾಲದ ಕಡೆ ಬರುತ್ತಾ ಪಟ್ಟು ಇಳಿಯುತ್ತಿದೆ. ಇಳಿಯುತ್ತಿದ್ದರೆ ಗುಣಾಕಾರ ಇರುವ ಸಾಧ್ಯತೆ ಕಡಿಮೆ, ಈಗ ಕಳೆ. 1, 8, 27, 64. ಮುಂದೆ 125 ಸೇರಿಸಿದರೆ 232.

ತಲೆಯಿಂದ ಯಾಕೆ ನೋಡಬಾರದು ಅಂದರೆ, ಅಲ್ಲಿ ಸಂಖ್ಯೆಗಳು ಸಣ್ಣವು. ಸಣ್ಣ ಸಂಖ್ಯೆಗೆ ಯಾವ ನಿಯಮ ಬೇಕಾದರೂ ಹೊಂದುತ್ತದೆ. 6ರಿಂದ 14 ಬರಲು +8 ಇರಬಹುದು, ×2+2 ಇರಬಹುದು, ×3−4 ಕೂಡ ಇರಬಹುದು. 45ರಿಂದ 184 ಬಂದಾಗ ಇಷ್ಟೊಂದು ಆಟಕ್ಕೆ ಜಾಗ ಇಲ್ಲ. ಸೇರಿಸಿದ ಚಿಲ್ಲರೆ ದೊಡ್ಡ ಸಂಖ್ಯೆಯ ಎದುರು ಲೆಕ್ಕಕ್ಕೇ ಬರುವುದಿಲ್ಲ, ಗುಣಿಸಿದ್ದು ಎದ್ದು ಕಾಣುತ್ತದೆ.

ಮೂರನೆಯದು 48, 24, 24, 36, 72. ಬಾಲದಿಂದ: 2 ಪಟ್ಟು, ಒಂದೂವರೆ ಪಟ್ಟು, 1 ಪಟ್ಟು, ಅರ್ಧ. ಮುಂದಿನದು ಎರಡೂವರೆ. 72ರ ಎರಡೂವರೆ ಪಟ್ಟು 180. ಮೊದಲು ಇಳಿದು, ನಿಂತು, ಆಮೇಲೆ ಏರುವ ಸರಣಿ ಕಂಡರೆ ಅರ್ಧ, ಒಂದು, ಒಂದೂವರೆ ಇರಬಹುದು ಅಂತ ಮೊದಲೇ ಅನುಮಾನ ಇಟ್ಟುಕೋ. ಬ್ಯಾಂಕ್ ಪರೀಕ್ಷೆಯವರಿಗೆ ಇದು ತುಂಬಾ ಇಷ್ಟ.

ನಾಲ್ಕನೆಯದನ್ನು ಸಿಂಧನೂರಿನ ತಮ್ಮ ಹೇಳಿದ್ದಾನೆ. ಘನ ಕಾಣದಿದ್ದರೂ ಬಿಡಿಸಬಹುದು. ಬಾಲದ ಪಟ್ಟು ಎರಡಕ್ಕೆ ಚೂರು ಕಡಿಮೆ, ಅದರ ಹಿಂದೆ ಎರಡೂಕಾಲು, ಅದರ ಹಿಂದೆ ಮೂರಕ್ಕೆ ಚೂರು ಕಡಿಮೆ. ಇಳಿಯುತ್ತಿದೆ, ಕಳೆ: 7, 19, 37, 61. ಇನ್ನೊಮ್ಮೆ: 12, 18, 24. ಮುಂದಿನದು 30. 61+30 ಅಂದರೆ 91, 127+91 ಅಂದರೆ 218. ಘನ ಬಾಯಿಗೆ ಬರುವವನಿಗೆ ಐದು ಸೆಕೆಂಡು, ಬಾರದವನಿಗೆ ಇಪ್ಪತ್ತು ಸೆಕೆಂಡು. ಅಷ್ಟೇ ವ್ಯತ್ಯಾಸ.

ಇನ್ನು ಪಟ್ಟು ಏರುವುದೂ ಇಲ್ಲ, ತೀರಾ ಇಳಿಯುವುದೂ ಇಲ್ಲ, ಒಂದು ಕಡೆ ಬಂದು ನಿಲ್ಲುತ್ತದೆ ಅನ್ನುವ ಸರಣಿಗಳಿವೆ. 2, 5, 11, 23, 47 ನೋಡು. ಎರಡೂವರೆ, ಎರಡಕ್ಕೆ ಸ್ವಲ್ಪ ಮೇಲೆ, ಎರಡಕ್ಕೆ ಚೂರೇ ಮೇಲೆ. ಎರಡರ ಹತ್ತಿರ ಬಂದು ಅಂಟಿಕೊಳ್ಳುತ್ತಿದೆ. ×2+1. ಎರಡಕ್ಕೆ ಕೆಳಗಿನಿಂದ ಬಂದು ಅಂಟಿಕೊಂಡರೆ ×2−1 ಥರದ್ದು: 3, 5, 9, 17, 33. ಒಂದೂವರೆಗೂ ಒಂದೂಮುಕ್ಕಾಲಿಗೂ ನಡುವೆ, 1.6ರ ಸುತ್ತ ನಿಂತರೆ ಮಾತ್ರ ಗುಣಿಸಲು ಹೋಗಬೇಡ, ಹಿಂದಿನ ಎರಡನ್ನು ಕೂಡಿ ನೋಡು. 4, 7, 11, 18, 29, 47. 47ನ್ನು 29ರಿಂದ ಭಾಗಿಸಿದರೆ 1.62. 29+47 ಅಂದರೆ 76.

ಇಳಿಯುವ ಸರಣಿ ಆದರೆ ತಲೆಕೆಳಗು ಮಾಡಿ ಓದು. 1440, 720, 240, 60, 12 ಅನ್ನುವುದನ್ನು ಹಿಂದಿನಿಂದ ಓದಿದರೆ ಐದು ಪಟ್ಟು, ನಾಲ್ಕು ಪಟ್ಟು, ಮೂರು, ಎರಡು. ಮುಂದಿನದು 12ನ್ನು 6ರಿಂದ ಭಾಗಿಸಿದ್ದು, 2.

ಏರಿ ಇಳಿದು, ಏರಿ ಇಳಿದು ಬಂದರೆ ಪಟ್ಟು ನೋಡುವುದೇ ಬೇಡ. 4, 9, 6, 16, 8, 25. ಒಂದು ಬಿಟ್ಟು ಒಂದು ಓದು. ಅದು ಎರಡು ಸರಣಿ ಹೆಣೆದದ್ದು. ಉತ್ತರ 10.

ಇಷ್ಟು ಅಭ್ಯಾಸ ಆಗಲಿ. ಊಟದ ಬ್ರೇಕ್ ಮುಗಿಯಿತು, ಕೌಂಟರ್ ಮುಂದೆ ಪಿಂಚಣಿ ತೆಗೆದುಕೊಳ್ಳುವವರು ನಿಂತಿದ್ದಾರೆ. ಸಂಜೆ ಬರುತ್ತೇನೆ.

ಹಿರೇಕೆರೂರು_ಬಿಕಾಂ

ಅಕ್ಕ, ತುಂಬಾ ಥ್ಯಾಂಕ್ಸ್. ಮೊದಲೆರಡು ಸರಣಿಯ ತಲೆ ಒಂದೇ ಥರ ಇದೆ ಅನ್ನುವುದನ್ನು ನಾನು ಗಮನಿಸಿಯೇ ಇರಲಿಲ್ಲ. ಸುಮ್ನೆ ಮಾಕ್‌ನಿಂದ ಎತ್ತಿ ಹಾಕಿದ್ದೆ.

ಪಿಡಿಎಫ್ ಡಿಲೀಟ್ ಮಾಡಲಿಲ್ಲ, ಅದರಲ್ಲಿರುವ ಲೆಕ್ಕಗಳನ್ನೇ ಬಾಲದಿಂದ ನೋಡಿ ಅಭ್ಯಾಸ ಮಾಡುತ್ತಿದ್ದೇನೆ. ಜಾಸ್ತಿ ಬರುತ್ತಿವೆ. ಆದರೆ "ತಪ್ಪು ಸಂಖ್ಯೆ ಹುಡುಕಿ" ಅನ್ನುವ ಪ್ರಶ್ನೆಗಳಿಗೆ ಇದು ನಡೆಯುವುದಿಲ್ಲ, ಅಲ್ವಾ? ಬಾಲದಲ್ಲೇ ತಪ್ಪು ಇದ್ದರೆ? ಇವೆರಡು ನೋಡಿ:

2, 5, 11, 23, 48, 95, 191

12, 14, 20, 32, 54, 82, 124

ಕ್ಯಾಶ್_ಕೌಂಟರ್_ಅಕ್ಕ

ಡಿಲೀಟ್ ಮಾಡದೆ ಅದನ್ನೇ ಬಳಸಿಕೊಂಡಿದ್ದು ನನ್ನ ಸಲಹೆಗಿಂತ ಚೆನ್ನಾಗಿದೆ.

ತಪ್ಪು ಸಂಖ್ಯೆಯಲ್ಲಿ ಒಂದು ಸಮಾಧಾನ ಇದೆ. ಇಂಥ ಪ್ರಶ್ನೆಯಲ್ಲಿ ಸರಣಿ ಉದ್ದ ಇರುತ್ತದೆ, ಕೆಟ್ಟಿರುವುದು ಒಂದೇ ಸಂಖ್ಯೆ. ಹಾಗಾಗಿ ಪಟ್ಟು ಅಂದಾಜು ಮಾಡುವಾಗ ತಪ್ಪು ಸಂಖ್ಯೆ ಅಷ್ಟೇನೂ ಅಡ್ಡ ಬರುವುದಿಲ್ಲ. ಮೊದಲನೆಯದರಲ್ಲಿ 191, 95ರ ಎರಡು ಪಟ್ಟು ಮತ್ತು ಒಂದು. 23, 11ರ ಎರಡು ಪಟ್ಟು ಮತ್ತು ಒಂದು. ನಿಯಮ ಸಿಕ್ಕಿತು. 23×2+1 ಅಂದರೆ 47 ಆಗಬೇಕು, ಅಲ್ಲಿ 48 ಇದೆ.

ಒಂದು ಎಚ್ಚರ. 48 ಅನ್ನು ನಂಬಿ ಮುಂದೆ ಹೋದರೆ 48×2+1 ಅಂದರೆ 97. "ಅಲ್ಲಿ 95 ಇದೆ, ಹಾಗಾದರೆ 95 ತಪ್ಪು" ಅಂತ ಅನಿಸುತ್ತದೆ. ಆಪ್ಷನ್‌ನಲ್ಲಿ 95 ಕೂಡ ಇಟ್ಟಿರುತ್ತಾರೆ. 95ರಿಂದ 191 ಸರಿಯಾಗಿ ಬರುತ್ತದೆಯಲ್ಲ, ಹಾಗಾದರೆ 95 ತಪ್ಪಲ್ಲ. ಎರಡು ಕಡೆಯಿಂದಲೂ ಬಂದು ನೋಡು. ಎರಡೂ ಕಡೆಯ ಕೊಂಡಿ ಎಲ್ಲಿ ಕಡಿಯುತ್ತದೋ ಅದೇ ಸಂಖ್ಯೆ.

ಎರಡನೆಯದು ನಿಧಾನವಾಗಿ ಬೆಳೆಯುವ ಸರಣಿ, ಕಳೆಯಲೇಬೇಕು. 2, 6, 12, 22, 28, 42. ಈಗ ಗಮನವಿಟ್ಟು ನೋಡು. ಒಂದು ಸಂಖ್ಯೆ ಕೆಟ್ಟರೆ ಪಕ್ಕಪಕ್ಕದ ಎರಡು ವ್ಯತ್ಯಾಸ ಕೆಡುತ್ತವೆ. ಸಂಖ್ಯೆ 2 ಜಾಸ್ತಿ ಆಗಿದ್ದರೆ ಅದರ ಮುಂಚಿನ ವ್ಯತ್ಯಾಸ 2 ಹೆಚ್ಚಾಗುತ್ತದೆ, ನಂತರದ್ದು 2 ಕಡಿಮೆಯಾಗುತ್ತದೆ. ಎರಡರ ಮೊತ್ತ ಮಾತ್ರ ಬದಲಾಗುವುದಿಲ್ಲ. ಇಲ್ಲಿ 22+28 ಅಂದರೆ 50. ಇರಬೇಕಾದದ್ದು 20+30, ಅದೂ 50. ಆಗ 2, 6, 12, 20, 30, 42 ಸರಿಯಾಯಿತು: 1×2, 2×3, 3×4, 4×5, 5×6, 6×7. 54ರ ಜಾಗದಲ್ಲಿ 52 ಇರಬೇಕು.

ವ್ಯತ್ಯಾಸದ ಸಾಲಿನಲ್ಲಿ ಪಕ್ಕಪಕ್ಕ ಎರಡು ಅಂಕಿ ಹದ ತಪ್ಪಿದ್ದರೆ ಅವೆರಡರ ನಡುವಿನ ಸಂಖ್ಯೆಯೇ ಅಪರಾಧಿ. ಒಂದೇ ವ್ಯತ್ಯಾಸ ಕೆಟ್ಟಿದ್ದರೆ ಅಪರಾಧಿ ಮೊದಲನೆಯ ಅಥವಾ ಕೊನೆಯ ಸಂಖ್ಯೆ, ಯಾಕೆಂದರೆ ಅವಕ್ಕೆ ಒಂದೇ ಕಡೆ ನೆಂಟಸ್ತಿಕೆ.

ಗಣಿತ_ಮೇಷ್ಟ್ರು_ಶಿರಸಿ

ಬಾಲದಿಂದ ನೋಡುವ ಮಾತು ಸರಿಯಾಗಿದೆ. ಅದರ ಹಿಂದೆ ಗಟ್ಟಿ ಗಣಿತವೂ ಇದೆ. ಬರೀ ವರ್ಗ, ಘನಗಳಿಂದ ಹುಟ್ಟಿದ ಸರಣಿಯಲ್ಲಿ ಪಕ್ಕಪಕ್ಕದ ಸಂಖ್ಯೆಗಳ ಪಟ್ಟು ಮುಂದೆ ಹೋದಷ್ಟೂ 1ರ ಕಡೆ ಇಳಿಯುತ್ತದೆ. ಒಂದೇ ಸಂಖ್ಯೆಯಿಂದ ಗುಣಿಸುತ್ತಾ ಹೋದರೆ ಪಟ್ಟು ನಿಲ್ಲುತ್ತದೆ. 2, 3, 4 ಅಂತ ಗುಣಕವೇ ಬೆಳೆಯುತ್ತಿದ್ದರೆ ಏರುತ್ತದೆ.

ಆದರೆ ಒಂದು ತಕರಾರು ಇದೆ. "ಮುಂದಿನ ಸಂಖ್ಯೆ ಯಾವುದು" ಅನ್ನುವ ಪ್ರಶ್ನೆಗೆ ಗಣಿತದ ಪ್ರಕಾರ ಒಂದೇ ಉತ್ತರ ಅಂತ ಇಲ್ಲ. ನಮ್ಮ ಹೈಸ್ಕೂಲ್ ಮಕ್ಕಳಿಗೆ ನಾನು ಇದನ್ನು ಕೊಡುತ್ತೇನೆ: 1, 2, 4, 8, 16, ? ಎಲ್ಲರೂ 32 ಅನ್ನುತ್ತಾರೆ. ಆಮೇಲೆ ಒಂದು ವೃತ್ತ ಎಳೆಯಲು ಹೇಳುತ್ತೇನೆ. ವೃತ್ತದ ಮೇಲೆ ಚುಕ್ಕಿ ಇಟ್ಟು ಪ್ರತಿ ಎರಡು ಚುಕ್ಕಿಯನ್ನೂ ಗೆರೆಯಿಂದ ಸೇರಿಸಿ, ಒಳಗೆ ಎಷ್ಟು ತುಂಡಾಯಿತು ಎಣಿಸಿ. ಒಂದೇ ಜಾಗದಲ್ಲಿ ಮೂರು ಗೆರೆ ಕೂಡಬಾರದು. ಒಂದು ಚುಕ್ಕಿಗೆ 1 ತುಂಡು, ಎರಡಕ್ಕೆ 2, ಮೂರಕ್ಕೆ 4, ನಾಲ್ಕಕ್ಕೆ 8, ಐದಕ್ಕೆ 16. ಆರು ಚುಕ್ಕಿಗೆ 31! ಮಕ್ಕಳು ಎಣಿಸಿ ಎಣಿಸಿ "ಒಂದು ತುಂಡು ಎಲ್ಲೋ ಕಳೆದುಹೋಗಿದೆ ಸರ್" ಅನ್ನುತ್ತಾರೆ. ಕಳೆದಿಲ್ಲ, ಇರುವುದೇ 31.

ಕಳೆದು ನೋಡಿ, ನಿಯಮ ಕಾಣುತ್ತದೆ. 1, 2, 4, 8, 16, 31ರ ವ್ಯತ್ಯಾಸ 1, 2, 4, 8, 15. ಅದರ ವ್ಯತ್ಯಾಸ 1, 2, 4, 7. ಅದರದ್ದು 1, 2, 3. ಅದರದ್ದು 1, 1.

ನೀಲ್ ಸ್ಲೋನ್ ಅನ್ನುವ ಗಣಿತಜ್ಞ 1964ರಲ್ಲಿ, ವಿದ್ಯಾರ್ಥಿಯಾಗಿದ್ದಾಗ, ಸಂಖ್ಯಾ ಸರಣಿಗಳನ್ನು ಕಾರ್ಡುಗಳಲ್ಲಿ ಬರೆದಿಡಲು ಶುರು ಮಾಡಿದರು. ಅದು ಈಗ ಅಂತರ್ಜಾಲದ ಸರಣಿ ಕೋಶವಾಗಿದೆ, ಮೂರು ಲಕ್ಷಕ್ಕೂ ಹೆಚ್ಚು ಸರಣಿಗಳಿವೆ. ಅದರಲ್ಲಿ 1, 2, 4, 8, 16 ಅಂತ ಹುಡುಕಿ ನೋಡಿ, ಬರುವ ಪಟ್ಟಿ ಮುಗಿಯುವುದೇ ಇಲ್ಲ.

ಹಿಂದಿನ ಎರಡನ್ನು ಕೂಡುವ ಸರಣಿಯ ಬಗ್ಗೆ ಒಂದು ಮಾತು. ಅದಕ್ಕೆ ಇಟಲಿಯ ಫಿಬೊನಾಚಿಯ ಹೆಸರು ಇದೆ, ಅವನು ಬರೆದದ್ದು 1202ರಲ್ಲಿ. ಅದಕ್ಕೂ ಮುಂಚೆ, 12ನೇ ಶತಮಾನದಲ್ಲಿ, ಗುಜರಾತಿನ ಹೇಮಚಂದ್ರ ಛಂದಸ್ಸಿನ ಲೆಕ್ಕದಲ್ಲಿ ಇದನ್ನು ಹೇಳಿದ್ದಾನೆ. ಕನ್ನಡ ಪಾಠದಲ್ಲಿ ಪ್ರಸ್ತಾರ ಹಾಕಿದ್ದು ನೆನಪಿದೆಯಾ? ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಮೂರು ಮಾತ್ರೆಯ ಗಣ ಎಷ್ಟು ಥರ ಮಾಡಬಹುದು? ಮೂರು ಲಘು, ಲಘು-ಗುರು, ಗುರು-ಲಘು. ಒಟ್ಟು 3. ನಾಲ್ಕು ಮಾತ್ರೆಗೆ 5, ಐದು ಮಾತ್ರೆಗೆ 8. ಗಣ ಲಘುವಿನಿಂದ ಮುಗಿದರೆ ಅದರ ಹಿಂದೆ ಉಳಿಯುವುದು ಒಂದು ಮಾತ್ರೆ ಕಡಿಮೆಯ ಗಣ. ಗುರುವಿನಿಂದ ಮುಗಿದರೆ ಎರಡು ಮಾತ್ರೆ ಕಡಿಮೆಯ ಗಣ. ಅದಕ್ಕೇ ಹಿಂದಿನ ಎರಡನ್ನು ಕೂಡುವುದು. ಪರೀಕ್ಷೆಗೆ ಇದು ಬೇಕಾಗಿಲ್ಲ, ಆದರೆ ಗೊತ್ತಿದ್ದರೆ ಖುಷಿ.

ಖಾಕಿ_ಕನಸು_ಸಿಂಧನೂರು

ಸರ್, ಹಾಗಾದರೆ ಪರೀಕ್ಷೆಯಲ್ಲಿ 1, 2, 4, 8, 16 ಬಂದಾಗ 31 ಅಂತ ಹಾಕಿದರೆ ಮಾರ್ಕ್ಸ್ ಕೊಡುತ್ತಾರಾ? 😅

ಮತ್ತೆ ಇದೊಂದು ಯಾರಾದರೂ ಹೇಳಿ. ವ್ಯತ್ಯಾಸ ನೋಡಿದರೂ ಆಗಲಿಲ್ಲ, ಪಟ್ಟು ನೋಡಿದರೂ ಆಗಲಿಲ್ಲ.

14, 19, 29, 40, 44, 52, ?

ಗಣಿತ_ಮೇಷ್ಟ್ರು_ಶಿರಸಿ

ಕೊಡುವುದಿಲ್ಲ ಮಾರಾಯ, 32 ಅಂತಲೇ ಹಾಕು. ಅಲ್ಲಿ ಕೇಳುವುದು ಗಣಿತವನ್ನಲ್ಲ, ಪ್ರಶ್ನೆ ತೆಗೆದವರು ಯಾವ ಸರಳ ನಿಯಮ ಇಟ್ಟುಕೊಂಡಿದ್ದರು ಅನ್ನುವುದನ್ನು. ಆಪ್ಷನ್‌ನಲ್ಲಿ 31 ಮತ್ತು 32 ಎರಡನ್ನೂ ಇಟ್ಟರೆ ಮಾತ್ರ ಜಗಳ ಆಡಬಹುದು. ಎಸ್‌ಎಸ್‌ಸಿ, ರೈಲ್ವೆಯವರು ಕೀ ಉತ್ತರ ಬಿಟ್ಟಾಗ ಆಕ್ಷೇಪಣೆ ಹಾಕಲು ಅವಕಾಶ ಇದೆ, ಅದಕ್ಕೆ ಶುಲ್ಕ ಕಟ್ಟಬೇಕು. ಒಂದೇ ಸರಣಿಗೆ ಎರಡು ಸರಳ ನಿಯಮ ಹೊಂದಿ, ಎರಡೂ ಉತ್ತರ ಆಪ್ಷನ್‌ನಲ್ಲಿ ಇದ್ದಾಗಲೇ ದುಡ್ಡು ಕಟ್ಟಿ. ಸುಮ್ಮನೆ ಬೇಡ.

ನಿನ್ನ ಸರಣಿಯನ್ನು ಅಕ್ಕನಿಗೆ ಬಿಡುತ್ತೇನೆ.

ಕ್ಯಾಶ್_ಕೌಂಟರ್_ಅಕ್ಕ

ತಮ್ಮ, ವ್ಯತ್ಯಾಸ ಬರಿ: 5, 10, 11, 4, 8. ಏರಿತು, ದಿಢೀರ್ ಬಿತ್ತು, ಮತ್ತೆ ಏರಿತು. ಎಲ್ಲವೂ ಸಣ್ಣವು, ಆದರೆ ಯಾವ ಕ್ರಮವೂ ಇಲ್ಲ. ಹೀಗೆ ಕಂಡರೆ ಸಂಖ್ಯೆಯ ಬೆಲೆ ಬಿಟ್ಟು ಅದರ ಅಂಕಿಗಳನ್ನು ನೋಡು. 14ರ ಅಂಕಿ ಕೂಡಿದರೆ 5. 14+5 ಅಂದರೆ 19. 19ರ ಅಂಕಿ ಕೂಡಿದರೆ 10, ಸೇರಿಸಿದರೆ 29. 29ಕ್ಕೆ 11, 40. 40ಕ್ಕೆ 4, 44. 44ಕ್ಕೆ 8, 52. ಈಗ 52ಕ್ಕೆ 7 ಸೇರಿಸು, 59.

ಬ್ಯಾಂಕ್ ಪರೀಕ್ಷೆಯಲ್ಲಿ ಇಂಥದ್ದು ಕಡಿಮೆ. ನಿಮ್ಮ ಕಡೆ ಆಗಾಗ ಕಾಣುತ್ತದೆ. ನಾಸಿಕದ ಹತ್ತಿರ ದೇವಳಾಲಿಯಲ್ಲಿ ಶಾಲಾ ಮೇಷ್ಟ್ರಾಗಿದ್ದ ಕಾಪ್ರೇಕರ್ ಇಂಥ ಸರಣಿಗಳ ಹಿಂದೆಯೇ ಬಿದ್ದವರು. ಮೇಲಿನ ಮೇಷ್ಟ್ರಿಗೆ ಗೊತ್ತಿರುತ್ತದೆ. ಹೀಗೆ ಅಂಕಿ ಕೂಡಿಸಿ ಹುಟ್ಟಿಸಲು ಆಗದ ಸಂಖ್ಯೆಗಳೂ ಇವೆ. 20 ತೆಗೆದುಕೋ. ಯಾವ ಸಂಖ್ಯೆಗೆ ಅದರ ಅಂಕಿಗಳನ್ನು ಸೇರಿಸಿದರೂ 20 ಬರುವುದಿಲ್ಲ, ಬೇಕಾದರೆ ಮಾಡಿ ನೋಡು.

ಅವಿಭಾಜ್ಯ ಸಂಖ್ಯೆಗಳೂ ಹೀಗೇ ಕಾಡುತ್ತವೆ. 10, 12, 15, 20, 27, 38. ವ್ಯತ್ಯಾಸ 2, 3, 5, 7, 11. ಇದು 2, 3, 5 ನೋಡಿ "ಹಿಂದಿನ ಎರಡರ ಮೊತ್ತ" ಅನಿಸುತ್ತದೆ. ಹಾಗಿದ್ದರೆ ಮುಂದೆ 8 ಬರಬೇಕಿತ್ತು, ಬಂದಿರುವುದು 7. ಹಾಗಾಗಿ ಅವಿಭಾಜ್ಯ. 38+13 ಅಂದರೆ 51. ಇಲ್ಲೂ ತಲೆ ಮೋಸ ಮಾಡಿತು, ಬಾಲ ನಿಜ ಹೇಳಿತು.

ಇನ್ನು ಟೈಮ್ ವಿಷಯ. ಇದನ್ನು ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ. ಪಟ್ಟು ನೋಡಿದೆ, ಒಮ್ಮೆ ಕಳೆದೆ, ಎರಡನೇ ಸಲ ಕಳೆದೆ, ಒಂದು ಬಿಟ್ಟು ಒಂದು ಓದಿದೆ. ಇಷ್ಟಾದರೂ ಕಾಣದಿದ್ದರೆ ಬಿಟ್ಟು ಮುಂದೆ ಹೋಗು. ಮೂರನೇ ಸಲ ಕಳೆಯುವುದು ಪ್ರಿಲಿಮ್ಸ್‌ನಲ್ಲಿ ಬಹಳ ಅಪರೂಪ. ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಕಾಲು ಭಾಗ ಅಂಕ ಹೋಗುತ್ತದೆ, ಅದಕ್ಕಿಂತ ದೊಡ್ಡ ನಷ್ಟ ಅಲ್ಲಿ ಕಳೆದ ಒಂದೂವರೆ ನಿಮಿಷ. ಅಷ್ಟರಲ್ಲಿ ಮೂರು ಸಿಂಪ್ಲಿಫಿಕೇಶನ್ ಮುಗಿಯುತ್ತವೆ. ಸೀರೀಸ್ ಬಿಡಲು ಮನಸ್ಸು ಬರುವುದಿಲ್ಲ, "ಇನ್ನೇನು ಬಂತು" ಅನಿಸುತ್ತಲೇ ಇರುತ್ತದೆ. ಹಾಗೆ ಅನಿಸುತ್ತಿರುವಾಗಲೇ ಬಿಡಬೇಕು.

ರಫ್ ಶೀಟಿನಲ್ಲಿ ಸರಣಿಯನ್ನು ಅಗಲವಾಗಿ, ನಡುವೆ ಜಾಗ ಬಿಟ್ಟು ಬರಿ. ವ್ಯತ್ಯಾಸವನ್ನು ಎರಡು ಸಂಖ್ಯೆಗಳ ನಡುವೆ, ಕೆಳಗಿನ ಸಾಲಿಗೆ ಬರಿ. ಒತ್ತಿ ಒತ್ತಿ ಬರೆದರೆ ಯಾವುದರ ವ್ಯತ್ಯಾಸ ಯಾವುದು ಅಂತ ನಿನಗೇ ತಿಳಿಯುವುದಿಲ್ಲ.

ಹಿರೇಕೆರೂರು_ಬಿಕಾಂ

ಅಕ್ಕ, ಕೊನೆಯದಾಗಿ ಒಂದು. ಮೇನ್ಸ್ ಮಾಕ್‌ನಲ್ಲಿ ಎರಡು ಸರಣಿ ಕೊಟ್ಟು "ಎರಡಕ್ಕೂ ಒಂದೇ ನಿಯಮ" ಅನ್ನುತ್ತಾರೆ. ಮೊದಲನೆಯದು ಪೂರ್ತಿ ಇರುತ್ತದೆ, ಎರಡನೆಯದರಲ್ಲಿ ಒಂದೇ ಸಂಖ್ಯೆ ಕೊಟ್ಟು ಉಳಿದದ್ದು ಅ, ಆ, ಇ ಅಂತ ಖಾಲಿ. "ಇ" ಎಷ್ಟು ಅಂತ ಕೇಳುತ್ತಾರೆ. ಅದು ಬೇರೆಯೇ ಟೈಪ್ ಅಲ್ವಾ?

ಕ್ಯಾಶ್_ಕೌಂಟರ್_ಅಕ್ಕ

ಮತ್ತೆ ಟೈಪ್! 😄 ಬೇರೆ ಏನಿಲ್ಲ. ನಿನ್ನ 5, 6, 14, 45, 184 ಸರಣಿಯನ್ನೇ ಕೊಟ್ಟು, ಕೆಳಗೆ 2, ಅ, ಆ, ಇ, ಈ ಅಂತ ಕೇಳಿದರು ಅಂದುಕೋ. ನಿಯಮ ಮೇಲಿನದರ ಬಾಲದಿಂದ ಸಿಕ್ಕಿದೆ. 2×1+1 ಅಂದರೆ 3. 3×2+2 ಅಂದರೆ 8. 8×3+3 ಅಂದರೆ 27. 27×4+4 ಅಂದರೆ 112. "ಇ" 27.

ಎಚ್ಚರ ಬೇಕಾದದ್ದು ಒಂದೇ ಕಡೆ. ಮೇಲಿನ ಸರಣಿ ಘನ+2 ಥರದ್ದಾದರೆ, ನಿಯಮವನ್ನು "ಘನಕ್ಕೆ 2 ಸೇರಿಸು" ಅಂತ ಹಿಡಿದರೆ ಕೆಳಗಿನ ಸರಣಿಗೆ ಅದು ಹೊಂದುವುದಿಲ್ಲ, ಯಾಕೆಂದರೆ ಅದು ಶುರುವಾಗುವುದು ಬೇರೆ ಸಂಖ್ಯೆಯಿಂದ. ಅಲ್ಲಿ ನಿಯಮವನ್ನು ವ್ಯತ್ಯಾಸದಲ್ಲೇ ಹಿಡಿ: +7, +19, +37, +61. ಕೆಳಗೆ 10 ಕೊಟ್ಟಿದ್ದರೆ 17, 36, 73, 134. ಒಂದು ಸಂಖ್ಯೆಯಿಂದ ಮುಂದಿನದಕ್ಕೆ ಹೋಗುವ ದಾರಿ ಏನು ಅನ್ನುವುದಷ್ಟೇ ಎರಡು ಸರಣಿಗೂ ಸಮಾನ.

ಹಿರೇಕೆರೂರು_ಬಿಕಾಂ

ಸರಿ ಅಕ್ಕ. ಈಗ ನಾನೊಂದು ಮಾಡಿದ್ದೇನೆ, ಸಿಂಧನೂರಿನ ಅಣ್ಣನೇ ಬಿಡಿಸಲಿ: 6, 24, 60, 120, 210, ?

ಖಾಕಿ_ಕನಸು_ಸಿಂಧನೂರು

ಬಾಲದಿಂದ ಒಂದೂಮುಕ್ಕಾಲು, 2, ಎರಡೂವರೆ, 4. ಇಳಿಯುತ್ತಿದೆ, ಹಾಗಾಗಿ ಕಳೆದೆ. 18, 36, 60, 90. ಮತ್ತೆ 18, 24, 30. ಮುಂದೆ 36. 90+36 ಅಂದರೆ 126, ಉತ್ತರ 336. ಬರೆದ ಮೇಲೆ ಗೊತ್ತಾಯಿತು, 8−2, 27−3, 64−4 ಅಂತ ಘನದಲ್ಲೂ ಬರುತ್ತದೆ. 343−7, ಅದೂ 336.

ಗಣಿತ_ಮೇಷ್ಟ್ರು_ಶಿರಸಿ

1×2×3, 2×3×4, 3×4×5 ಅಂತಲೂ ನೋಡಬಹುದು. 6×7×8, ಅದೂ 336.